ಆಲೂರಿನಿಂದ ಬಿಸಿಲೆಗೆ ನಡೆದು ಹೋಗಲು ದಾರಿ ಬಿಡಿ

ನೆದರ್ಲೆಂಡ್ಸ್‌ನಲ್ಲಿ ನಡುವಯಸ್ಸು ದಾಟಿದ ಗಂಡ ಹೆಂಡತಿ ಕೆಲಸಕ್ಕೆ ರಜೆ ಹಾಕಿ, ಬೆನ್ನಿಗೊಂದು ಚೀಲ ಏರಿಸಿಕೊಂಡು ಹತ್ತು ಹದಿನೈದು ದಿನ ಹಳ್ಳಿಯಿಂದ ಹಳ್ಳಿಗೆ ನಡೆಯುತ್ತಾ ಹೋದರೆ ಅಲ್ಲಿ ಯಾರೂ ಅಚ್ಚರಿಪಡುವುದಿಲ್ಲ. ಅವರ ಮುಂದೆ ಗೈಡ್ ಇರುವುದಿಲ್ಲ, ಹಿಂದೆ ಜೀಪು ಬರುವುದಿಲ್ಲ. ಮರದ ಕಾಂಡಕ್ಕೋ ಬೇಲಿಯ ಗೂಟಕ್ಕೋ ಬಳಿದ ಬಿಳಿ-ಕೆಂಪು ಪಟ್ಟೆ ನೋಡಿಕೊಂಡು, ಹಸುಗಳು ಮೇಯುವ ಹುಲ್ಲುಗಾವಲಿನ ನಡುವೆ, ಕಾಲುವೆಯ ಏರಿಯ ಮೇಲೆ, ತೋಪಿನ ಅಂಚಿನಲ್ಲಿ ನಡೆದು ಸಂಜೆಗೆ ಒಂದು ಊರು ಸೇರುತ್ತಾರೆ. ಅಲ್ಲಿ ಯಾರದಾದರೂ ಮನೆಯಲ್ಲಿ ದುಡ್ಡು ಕೊಟ್ಟು ಮಲಗಿ, ಬೆಳಿಗ್ಗೆ ತಿಂಡಿ ತಿಂದು ಮುಂದಿನ ಊರಿಗೆ ಹೊರಡುತ್ತಾರೆ. ಅದೇ ಗಂಡ ಹೆಂಡತಿ ಹಾಸನದವರೋ ಮೈಸೂರಿನವರೋ ಆಗಿದ್ದು, ಆಲೂರು ರೈಲು ನಿಲ್ದಾಣದಲ್ಲಿ ಇಳಿದು, ಕೆಂಚಮ್ಮನ ಹೊಸಕೋಟೆ, ಯಸಳೂರು, ಹೆತ್ತೂರು, ವಣಗೂರು ಹಾದು, ಬಿಸಿಲೆ ಘಾಟಿ ಇಳಿದು ಕುಕ್ಕೆ ಸೇರೋಣ ಎಂದುಕೊಂಡರೆ ಏನಾಗುತ್ತದೆ? ದಿನಕ್ಕೆ 15 ಕಿ.ಮೀ.ನಂತೆ ಸುಮಾರು ಐದು ದಿನದ ದಾರಿ ಅದು. ಆರೋಗ್ಯವಾಗಿರುವ ಯಾರ ಕಾಲಿಗೂ ಭಾರವಲ್ಲ. ಆದರೆ ಮೊದಲ ದಿನವೇ ಅವರು ಡಾಂಬರು ರಸ್ತೆಯ ಅಂಚಿಗೆ ಬಂದು ನಿಲ್ಲುತ್ತಾರೆ. ರಸ್ತೆ ಬಿಟ್ಟು ಒಳಗೆ ಹೋಗುವ ಕಾಲುದಾರಿ ಯಾವುದೆಂದು ತೋರಿಸುವ ಒಂದು ಕಲ್ಲೂ ಇಲ್ಲ. ಕೇಳಿಕೊಂಡು ಹೋದರೆ ಒಂದು ಗೇಟು, ಗೇಟಿಗೆ ಬೀಗ. ಸಂಜೆಗೆ ತಂಗಲು ಸಿಗುವುದು ಕಾರಿನಲ್ಲಿ ಬರುವವರಿಗಾಗಿ ಕಟ್ಟಿದ, ಆನ್‌ಲೈನ್‌ನಲ್ಲಿ ಮೊದಲೇ ಕಾದಿರಿಸಬೇಕಾದ ರೆಸಾರ್ಟು. ಸಕಲೇಶಪುರ-ಆಲೂರು ಸೀಮೆಯ ಗ್ರಾಮ ನಕಾಶೆಗಳಲ್ಲಿರುವ ಕಾಲುದಾರಿಗಳನ್ನು ಬಿಡಿಸಿ, ಒಂದಕ್ಕೊಂದು ಜೋಡಿಸಿ, ಗುರುತು ಹಾಕಿ, ಯಾರು ಬೇಕಾದರೂ ಹಕ್ಕಿನಿಂದ ನಡೆಯಬಹುದಾದ ಒಂದು ದೂರದ ದಾರಿ ಮಾಡಬೇಕು ಎನ್ನುವುದು ನನ್ನ ವಾದ. ಪ್ರವಾಸೋದ್ಯಮದ ಹೆಸರಿನಲ್ಲಿ ಈ ಗುಡ್ಡಗಳಿಗೆ ಆಗಿರುವ ಯಾವ ಕೆಲಸಕ್ಕಿಂತಲೂ ಇದು ಅಗ್ಗ, ಇದರ ಪ್ರಯೋಜನವೂ ಹೆಚ್ಚು ಜನರಿಗೆ.

ನೆದರ್ಲೆಂಡ್ಸ್‌ನ ಉದಾಹರಣೆ ಎತ್ತಿದ್ದು ಅಲ್ಲಿಯದೆಲ್ಲ ನಮಗಿಂತ ಮೇಲು ಎಂದಲ್ಲ. ಅಲ್ಲಿಯ ಅತಿ ಹೆಸರಾದ ನಡಿಗೆ ದಾರಿ ಹುಟ್ಟಿದ ಬಗೆ ನಮಗೆ ಉಪಯೋಗಕ್ಕೆ ಬರುವಂಥದ್ದು. ಪೀಟರ್‌ಪಾಡ್ ಎಂಬ ಆ ದಾರಿ ಉತ್ತರದ ಪೀಟರ್‌ಬ್ಯೂರನ್ ಹಳ್ಳಿಯಿಂದ ದಕ್ಷಿಣದ ಮಾಸ್ಟ್ರಿಕ್ಟ್ ಊರಿನ ಪಕ್ಕದ ಗುಡ್ಡದವರೆಗೆ ಸುಮಾರು 500 ಕಿ.ಮೀ. ಉದ್ದವಿದೆ. ಅದನ್ನು ಹಾಕಿದ್ದು ಸರ್ಕಾರವಲ್ಲ. ಟೋಸ್ ಗೋರ್‌ಹೌಸ್ ಮತ್ತು ಬೆರ್ಟ್ಯೆ ಯೆನ್ಸ್ ಎಂಬ ಇಬ್ಬರು ಗೆಳತಿಯರು, ಒಬ್ಬರು ದಕ್ಷಿಣದ ಊರಿನವರು, ಇನ್ನೊಬ್ಬರು ಉತ್ತರದವರು, ತಮ್ಮ ದೇಶದಲ್ಲಿ ದೂರದ ನಡಿಗೆಗೆ ಒಂದು ದಾರಿ ಬೇಕೆಂದು ವರ್ಷಗಟ್ಟಲೆ ಹುಡುಕಾಡಿ, ಆಗಲೇ ಇದ್ದ ಹೊಲದ ದಾರಿ, ಕಾಡಿನ ದಾರಿ, ಚರ್ಚಿಗೆ ಹೋಗುವ ದಾರಿಗಳನ್ನು ಜೋಡಿಸಿದರು. 1983ರಲ್ಲಿ ಅದು ಪೂರ್ತಿಯಾಗಿ ತೆರೆಯಿತು. ಹೊಸದಾಗಿ ಕಡಿದದ್ದು, ಅಗೆದದ್ದು ಬಹಳ ಕಡಿಮೆ. ದಾರಿಯನ್ನು 26 ಹಂತಗಳಾಗಿ ಮಾಡಿ, ಪ್ರತಿ ಹಂತದ ಕೊನೆಗೆ ತಂಗಲು ಒಂದು ಊರು ಸಿಗುವಂತೆ ನೋಡಿಕೊಂಡರು. ಮರುವರ್ಷವೇ ಅಲ್ಲಿ ಇನ್ನೊಂದು ಸಂಸ್ಥೆ ಹುಟ್ಟಿತು. ಸೈಕಲ್ಲಿನಲ್ಲಿ ಬಂದವರಿಗೆ, ನಡೆದು ಬಂದವರಿಗೆ ಸಾಮಾನ್ಯರೇ ತಮ್ಮ ಮನೆಯ ಒಂದು ಕೋಣೆಯನ್ನು ಕಡಿಮೆ ದರಕ್ಕೆ ಬಿಟ್ಟುಕೊಡುವ ವ್ಯವಸ್ಥೆ ಅದು. ಇಂದು ಸಾವಿರಾರು ಮನೆಗಳು ಅದರಲ್ಲಿವೆ. ನೆದರ್ಲೆಂಡ್ಸ್ ಎಂದರೆ ಜಾಗಕ್ಕೆ ಬರವಿಲ್ಲದ ದೇಶ ಎಂದು ಯಾರೂ ತಿಳಿಯಬಾರದು. ಅಲ್ಲಿ ಒಂದು ಚದರ ಕಿ.ಮೀ.ಗೆ 500ಕ್ಕೂ ಹೆಚ್ಚು ಜನ. 2011ರ ಜನಗಣತಿಯಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲಿದ್ದದ್ದು 261. ಭೂಮಿಯ ಒಂದೊಂದು ತುಂಡಿಗೂ ಬೇಲಿ, ಒಡೆಯ, ಬೆಲೆ ಇರುವ ದೇಶದಲ್ಲಿ ನಡೆಯುವವರಿಗೆ ದಾರಿ ಸಿಕ್ಕಿದೆ ಎಂದ ಮೇಲೆ ನಮ್ಮಲ್ಲಿ ಜಾಗವಿಲ್ಲ ಎಂಬ ಮಾತು ನಿಲ್ಲುವುದಿಲ್ಲ.

ನಮ್ಮ ಜನಕ್ಕೆ ನಡೆಯುವ ಅಭ್ಯಾಸವೇ ಇಲ್ಲ, ಇದೆಲ್ಲ ಬಿಳಿಯರ ಶೋಕಿ ಎನ್ನುವವರು ಶಿವರಾತ್ರಿಯ ವಾರದಲ್ಲಿ ಮೂಡಿಗೆರೆಯಿಂದ ಕೊಟ್ಟಿಗೆಹಾರದ ತನಕದ ರಸ್ತೆಯನ್ನು ನೋಡಬೇಕು. ಬೆಂಗಳೂರು, ತುಮಕೂರು, ಹಾಸನದ ಕಡೆಯಿಂದ ಸಾವಿರಾರು ಜನ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟು ಚಾರ್ಮಾಡಿ ಘಾಟಿ ಇಳಿಯುತ್ತಾರೆ. ಅವರಲ್ಲಿ ಅಂಗಡಿ ನಡೆಸುವವರಿದ್ದಾರೆ, ಗಾರ್ಮೆಂಟ್ಸ್ ಕೆಲಸದ ಹೆಂಗಸರಿದ್ದಾರೆ, ಅರವತ್ತು ದಾಟಿದ ದಂಪತಿಗಳಿದ್ದಾರೆ. ದಾರಿಯುದ್ದಕ್ಕೂ ಊರವರು ಶಾಮಿಯಾನ ಹಾಕಿ ಮಜ್ಜಿಗೆ, ಪಾನಕ, ಕಲ್ಲಂಗಡಿ, ಊಟ ಕೊಡುತ್ತಾರೆ, ಕಾಲಿಗೆ ಎಣ್ಣೆ ಹಚ್ಚಿಕೊಳ್ಳಲು ಜಾಗ ಮಾಡಿಕೊಡುತ್ತಾರೆ, ಶಾಲೆಯ ಜಗುಲಿಯಲ್ಲಿ ಮಲಗಿಸುತ್ತಾರೆ. ಯುಗಾದಿಗೆ ಮುಂಚೆ ಬಾಗಲಕೋಟೆ, ವಿಜಯಪುರದ ಸೀಮೆಯವರು ನಲ್ಲಮಲ ಕಾಡು ಹಾದು ಶ್ರೀಶೈಲಕ್ಕೆ ನಡೆಯುತ್ತಾರೆ. ನಡೆಯುವವರಿಗೆ ಅನ್ನ ನೀರು ಕೊಡುವುದು ಪುಣ್ಯದ ಕೆಲಸ ಎಂಬ ನಂಬಿಕೆ ಇನ್ನೂ ಸತ್ತಿಲ್ಲ. ಘಟ್ಟದ ಮೇಲಿನ ರೈತರು ದನಗಳನ್ನು ಹೊಡೆದುಕೊಂಡು ಬಿಸಿಲೆ ಇಳಿದು ಕುಲ್ಕುಂದದ ಜಾನುವಾರು ಜಾತ್ರೆಗೆ ಹೋಗುತ್ತಿದ್ದ ಕಾಲವನ್ನು ಹೆತ್ತೂರು ಸೀಮೆಯ ಹಿರಿಯರು ಮರೆತಿಲ್ಲ. ಹೀಗಿರುವಾಗ ನೂರಾರು ಮೈಲಿ ನಡೆಯುವ ಮನಸ್ಸೂ ನಡೆದು ಬಂದವರನ್ನು ಆದರಿಸುವ ಮನಸ್ಸೂ ನಮ್ಮಲ್ಲಿ ಇವೆ ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ. ಕೊರತೆ ಇರುವುದು ದಾರಿಯದು. ಪಾದಯಾತ್ರಿಗಳು ಇಂದು ನಡೆಯುತ್ತಿರುವುದು ಲಾರಿ ಬಸ್ಸುಗಳು ಮೈಸವರಿಕೊಂಡು ಹೋಗುವ ಹೆದ್ದಾರಿಯ ಬಿಳಿ ಗೆರೆಯ ಮೇಲೆ. ಪುಣ್ಯಕ್ಕಾಗಿ ನಡೆಯುವವರು ಆ ಅಪಾಯವನ್ನು ಹರಕೆಯೆಂದು ಸಹಿಸಿಕೊಳ್ಳುತ್ತಾರೆ. ಸುಮ್ಮನೆ ಊರು ನೋಡಲು, ಜೊತೆಯಾಗಿ ನಾಲ್ಕು ದಿನ ಕಳೆಯಲು ನಡೆಯಬೇಕೆನ್ನುವ ಗಂಡ ಹೆಂಡತಿ ಸಹಿಸುವುದಿಲ್ಲ, ಸಹಿಸಬೇಕಾಗಿಯೂ ಇಲ್ಲ.

ದಾರಿ ಇಲ್ಲದೆ ಹೋದರೆ ನಡೆಯಬೇಕೆನ್ನುವವರು ಎಲ್ಲಿ ಹೋಗುತ್ತಾರೆ ಎನ್ನುವುದಕ್ಕೆ ಸಕಲೇಶಪುರದಲ್ಲಿಯೇ ಒಂದು ಪಾಠವಿದೆ. ಹಾಸನ-ಮಂಗಳೂರು ಮೀಟರ್ ಗೇಜ್ ರೈಲು ಮಾರ್ಗವನ್ನು ಬ್ರಾಡ್ ಗೇಜ್ ಮಾಡಲು 1990ರ ದಶಕದ ನಡುವಿನಲ್ಲಿ ಮುಚ್ಚಲಾಯಿತು. ಆ ವರ್ಷಗಳಲ್ಲಿ ದೋಣಿಗಲ್‌ನಿಂದ ಎಡಕುಮೇರಿ ಕಡೆಗೆ ಹಳಿಯ ಮೇಲೆ ನಡೆಯುವುದು ಬೆಂಗಳೂರಿನ ಹುಡುಗರಲ್ಲಿ ದೊಡ್ಡ ಹೆಸರು ಮಾಡಿತು. ಇಡೀ ಘಾಟಿಯ ಮಾರ್ಗದಲ್ಲಿ ಐವತ್ತಕ್ಕೂ ಹೆಚ್ಚು ಸುರಂಗ, ನೂರಕ್ಕೂ ಹೆಚ್ಚು ಸೇತುವೆ, ಕೆಳಗೆ ಕೆಂಪುಹೊಳೆಯ ಕಾಡು. 2000ದ ದಶಕದ ನಡುವಿನಲ್ಲಿ ಗೂಡ್ಸ್, ಆಮೇಲೆ ಪ್ರಯಾಣಿಕರ ರೈಲು ಮತ್ತೆ ಓಡಲು ಶುರುವಾದ ಮೇಲೂ ನಡೆಯುವವರು ನಿಲ್ಲಲಿಲ್ಲ. ಕತ್ತಲ ಸುರಂಗದಲ್ಲಿ, ಪಕ್ಕಕ್ಕೆ ಸರಿಯಲು ಜಾಗವಿಲ್ಲದ ಸೇತುವೆಯ ಮೇಲೆ, ರೈಲು ಯಾವಾಗ ಬರುತ್ತದೆಂದು ತಿಳಿಯದೆ ಜನ ನಡೆದರು. 1989ರ ರೈಲ್ವೆ ಕಾಯ್ದೆಯ ಪ್ರಕಾರ ಹಳಿಗೆ ಅತಿಕ್ರಮ ಪ್ರವೇಶ ಅಪರಾಧ. ರೈಲ್ವೆಯವರು ಇದನ್ನು ನಿಷೇಧಿಸಿದ್ದು ಸರಿಯಾಗಿಯೇ ಇದೆ. ಆದರೆ ನಿಷೇಧದ ಬೋರ್ಡಿನ ಪಕ್ಕದಲ್ಲಿ, ನೀವು ನಡೆಯಬಹುದಾದ ದಾರಿ ಇಲ್ಲಿದೆ ಎನ್ನುವ ಇನ್ನೊಂದು ಬೋರ್ಡನ್ನು ಯಾವ ಇಲಾಖೆಯೂ ನೆಡಲಿಲ್ಲ. ಆ ಖಾಲಿ ಜಾಗವನ್ನು ಜೀಪು ತುಂಬಿತು. ಬೆಟ್ಟದ ಬೈರವೇಶ್ವರ, ಜೇನುಕಲ್ಲು ಗುಡ್ಡದ ಕಡೆ ಶನಿವಾರ ಭಾನುವಾರ ಹೋದರೆ ಗಾಡಿಗಳ ಸಾಲು. ನಾಲ್ಕು ಚಕ್ರಗಳು ಹುಲ್ಲುಗಾವಲಿನ ಮೇಲೆ ಹರಿದ ಕಡೆ ಹುಲ್ಲಿನ ಬೇರು ಕಿತ್ತು ಎರಡು ಗೀಟು ಬೀಳುತ್ತವೆ. ಆಷಾಢದ ಮಳೆಯ ನೀರು ಆ ಗೀಟನ್ನೇ ಹಿಡಿದು ಇಳಿಯುತ್ತದೆ. ಒಂದೆರಡು ಮಳೆಗಾಲ ಕಳೆಯುವುದರೊಳಗೆ ಅದು ಮೊಣಕಾಲುದ್ದದ ಕೊರಕಲು. ಕೊರಕಲಾದ ಮೇಲೆ ಜೀಪು ಪಕ್ಕದ ಹುಲ್ಲಿನ ಮೇಲೆ ಹೊಸ ದಾರಿ ಮಾಡಿಕೊಳ್ಳುತ್ತದೆ. ಒಂದೇ ಗುಡ್ಡದ ಬೆನ್ನ ಮೇಲೆ ಹೀಗೆ ನಾಲ್ಕೈದು ಜೊತೆ ಗೀಟುಗಳು ಕೆಂಪಗೆ ಕಾಣುತ್ತವೆ. ಮನುಷ್ಯನ ಕಾಲಿನ ದಾರಿ ಒಂದೂವರೆ ಅಡಿ ಅಗಲ, ನೂರು ವರ್ಷ ತುಳಿದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಇಂಥ ಕಾಲುದಾರಿಗಳು ಈ ಸೀಮೆಯಲ್ಲಿ ಎಷ್ಟಿವೆ ಎನ್ನುವುದಕ್ಕೆ ಗ್ರಾಮ ನಕಾಶೆಗಳೇ ಸಾಕ್ಷಿ. ಸರ್ವೆ ನಂಬರುಗಳ ನಡುವೆ ಚುಕ್ಕಿ ಗೆರೆಯಲ್ಲಿ ಓಡುವ ಕಾಲುದಾರಿ, ಜೋಡಿ ಗೆರೆಯಲ್ಲಿ ಓಡುವ ಬಂಡಿದಾರಿ ಇವುಗಳಿಗೆ ಹಳ್ಳಿಯವರು ‘ನಕಾಶೆ ಕಂಡ ದಾರಿ’ ಎನ್ನುತ್ತಾರೆ. ತಕರಾರು ಬಂದಾಗ ಮೊದಲು ಕೇಳುವ ಪ್ರಶ್ನೆಯೇ ಅದು ನಕಾಶೆ ಕಂಡ ದಾರಿಯೋ ಅಲ್ಲವೋ ಎಂದು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ದಾರಿ, ಸೇತುವೆಗಳು ಬೇರೆಯವರ ಸ್ವತ್ತಲ್ಲದಿದ್ದರೆ ಸರ್ಕಾರದವು. ಅಂಥ ದಾರಿಯ ಮೇಲೆ ಸಾರ್ವಜನಿಕರಿಗಿರುವ ಹಕ್ಕನ್ನು ತೆಗೆದುಹಾಕಬೇಕಾದರೆ ಸರ್ಕಾರ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕೇಳಬೇಕು. ಪಕ್ಕದ ತೋಟದವರು ಗೇಟು ಹಾಕಿದ ಮಾತ್ರಕ್ಕೆ ಹಕ್ಕು ಸಾಯುವುದಿಲ್ಲ. ನಕಾಶೆಯಲ್ಲಿಲ್ಲದ ದಾರಿಯಾದರೂ ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ ಹಕ್ಕಿನಿಂದ ಬಳಸಿದ್ದರೆ 1882ರ ಅನುಭೋಗದ ಹಕ್ಕುಗಳ ಕಾಯ್ದೆ ಅದನ್ನು ಕಾಯುತ್ತದೆ. ಜಮೀನಿನ ದಾರಿ ಮುಚ್ಚಿದ ದೂರುಗಳು ಹೆಚ್ಚಾದಾಗ 2023ರಲ್ಲಿ ಕಂದಾಯ ಇಲಾಖೆಯೇ ನಕಾಶೆ ಕಂಡ ದಾರಿಗಳನ್ನು ಬಿಡಿಸುವಂತೆ ತಹಶೀಲ್ದಾರರಿಗೆ ಸುತ್ತೋಲೆ ಕಳಿಸಿತು. ಕಾನೂನು ಇದೆ, ನಕಾಶೆ ಇದೆ, ಮೊಬೈಲಿನಲ್ಲಿ ಸರ್ವೆ ನಂಬರು ತೋರಿಸುವ ದಿಶಾಂಕ್ ಆ್ಯಪ್ ಇದೆ. ಕಾಣೆಯಾಗಿರುವುದು ನೆಲದ ಮೇಲಿನ ದಾರಿ. ಮೊದಲು ಈ ಸೀಮೆಯ ತೋಟದ ಬಾಯಲ್ಲಿ ಉಣುಗೋಲು ಇರುತ್ತಿತ್ತು. ಎರಡು ಗೂಟಗಳಿಗೆ ತೂತು ಕೊರೆದು ಅಡ್ಡಕ್ಕೆ ಮೂರು ಬಿದಿರ ಗಳ ತೂರಿಸಿಟ್ಟರೆ ದನ ನುಗ್ಗುವುದಿಲ್ಲ, ಮನುಷ್ಯ ಮೇಲಿನ ಗಳ ಸರಿಸಿ ದಾಟಿ ಮತ್ತೆ ಎಳೆದು ಹೋಗುತ್ತಾನೆ. ಬೆಳೆಯ ರಕ್ಷಣೆ, ಜನರ ಓಡಾಟ ಎರಡೂ ಅದರಲ್ಲಿ ನಡೆಯುತ್ತಿದ್ದವು. ಅದರ ಜಾಗಕ್ಕೆ ಕಬ್ಬಿಣದ ಗೇಟು ಬಂತು, ಗೇಟಿನ ಪಕ್ಕ ಸೋಲಾರ್ ಬೇಲಿ ಬಂತು, ಹೊರಗಿನವರು ತೋಟ ಕೊಂಡ ಕಡೆ ಕ್ಯಾಮೆರಾ ಬಂತು.

ಇದರಿಂದ ಮೊದಲು ಕಷ್ಟಕ್ಕೆ ಬಿದ್ದವರು ಪ್ರವಾಸಿಗರಲ್ಲ. ತೋಟದ ಕಾರ್ಮಿಕರ ಲೈನ್ ಮನೆಯಿಂದ ಕೆಲಸಕ್ಕೆ ಹೋಗುವ ಹೆಂಗಸರು, ಪಕ್ಕದ ಹಳ್ಳಿಯ ಶಾಲೆಗೆ ಹೋಗುವ ಮಕ್ಕಳು, ನ್ಯಾಯಬೆಲೆ ಅಂಗಡಿಯಿಂದ ಅಕ್ಕಿ ಹೊತ್ತು ತರುವವರು ಇಂದಿಗೂ ಈ ಗುಡ್ಡಗಳಲ್ಲಿ ನಡೆಯುತ್ತಲೇ ಇದ್ದಾರೆ. ಒಂದು ಕಾಲುದಾರಿ ಮುಚ್ಚಿದರೆ ಅವರು ರಸ್ತೆ ಸುತ್ತಿ ಹೋಗಬೇಕು. ಮಲೆನಾಡಿನ ಹಳ್ಳ ದಾಟುವ ಮಕ್ಕಳಿಗಾಗಿ ರಾಜ್ಯ ಸರ್ಕಾರ ‘ಶಾಲಾ ಸಂಪರ್ಕ ಸೇತು’ ಎಂಬ ಯೋಜನೆಯಲ್ಲಿ ಕಾಲುಸಂಕಗಳನ್ನು ಕಟ್ಟಿಸಿದ್ದು ಇಲ್ಲಿ ಜನ ನಡೆಯುತ್ತಾರೆ ಎನ್ನುವುದನ್ನು ಒಪ್ಪಿಕೊಂಡೇ. ಆದರೆ ಸಂಕ ಕಟ್ಟಿ, ಸಂಕದಾಚೆಯ ದಾರಿಯನ್ನು ಕಾಯದಿದ್ದರೆ ಏನು ಬಂತು? ದೂರದ ನಡಿಗೆಯ ದಾರಿಗೆ ಇರುವ ದೊಡ್ಡ ಗುಣ ಇಲ್ಲಿದೆ ಎಂದು ನಾನು ತಿಳಿದಿದ್ದೇನೆ. ಹಳ್ಳಿಯ ಒಬ್ಬ ಕೂಲಿ ಹೆಂಗಸು ದಾರಿ ಬಿಡಿಸಿ ಎಂದು ಅರ್ಜಿ ಕೊಟ್ಟರೆ ಅದು ತಾಲ್ಲೂಕು ಕಚೇರಿಯ ಕಡತದಲ್ಲಿ ಉಳಿಯುತ್ತದೆ. ಅದೇ ದಾರಿ ಜಿಲ್ಲೆಯ ಹೆಸರಾದ ನಡಿಗೆ ಮಾರ್ಗದ ಭಾಗವಾದರೆ ಅದನ್ನು ಮುಚ್ಚುವುದು ಯಾರಿಗೂ ಸುಲಭವಲ್ಲ. ಪ್ರವಾಸಿಯ ನೆಪದಲ್ಲಿ ಊರಿನವರ ದಾರಿ ಉಳಿಯುತ್ತದೆ. ಎಷ್ಟೋ ಕಡೆ ರೆಸಾರ್ಟಿನ ನೆಪದಲ್ಲಿ ಊರಿನವರ ದಾರಿ ಹೋಗಿದೆ.

ದುಡ್ಡಿನ ವಿಚಾರಕ್ಕೆ ಬರೋಣ. ಕಾರಿನಲ್ಲಿ ಬರುವ ಪ್ರವಾಸಿ ಶುಕ್ರವಾರ ರಾತ್ರಿ ಬಂದು, ಒಂದು ಕಡೆ ಉಳಿದು, ಅಲ್ಲಿಯೇ ಊಟ ಮಾಡಿ, ಮಂಜರಾಬಾದ್ ಕೋಟೆಯ ಮೇಲೆ ಫೋಟೊ ತೆಗೆಸಿಕೊಂಡು, ಜೀಪು ಹತ್ತಿ ಇಳಿದು ಭಾನುವಾರ ವಾಪಸಾಗುತ್ತಾನೆ. ಅವನ ಹಣ ಒಂದೆರಡು ಕೈಗೆ ಸೇರುತ್ತದೆ. ಅವನು ಹಾದುಹೋದ ಹಳ್ಳಿಗಳಿಗೆ ಸಿಕ್ಕಿದ್ದು ಧೂಳು. ನಡೆದು ಹೋಗುವ ಇಬ್ಬರಿಗೆ ಹದಿನೈದು ಕಿ.ಮೀ.ಗೊಮ್ಮೆ ಹಾಸಿಗೆ ಬೇಕು, ಎರಡು ಗಂಟೆಗೊಮ್ಮೆ ನೀರು, ಕಾಫಿ ಬೇಕು, ಮಧ್ಯಾಹ್ನಕ್ಕೆ ಅಕ್ಕಿ ರೊಟ್ಟಿಯೋ ಕಡುಬೋ ಬೇಕು, ಬಟ್ಟೆ ಒಣಗಿಸಲು ಒಲೆಯ ಪಕ್ಕ ಜಾಗ ಬೇಕು. ಕಾರಿನವನು ನಿಲ್ಲಿಸದೆ ಹೋಗುವ ಊರಿನಲ್ಲಿ ನಡೆಯುವವನು ನಿಲ್ಲಲೇಬೇಕು, ಯಾಕೆಂದರೆ ಅವನ ಕಾಲು ದಣಿದಿರುತ್ತದೆ. ಆ ಊರಿನಲ್ಲಿ ಜಲಪಾತವೋ ವ್ಯೂ ಪಾಯಿಂಟೋ ಇರಬೇಕಾಗಿಲ್ಲ. ಪಾಳ್ಯ, ಮಗ್ಗೆಯಂಥ ಆಲೂರು ತಾಲ್ಲೂಕಿನ ಊರುಗಳ ಹೆಸರನ್ನು ಯಾವ ಪ್ರವಾಸಿ ನಕ್ಷೆಯೂ ಹೇಳುವುದಿಲ್ಲ. ಸಕಲೇಶಪುರಕ್ಕೆ ಬಂದ ಪ್ರವಾಸಿಗರಿಂದ ಆಲೂರಿಗೆ ಬಂದದ್ದು ಬಹಳ ಕಡಿಮೆ. ಆದರೆ ಘಟ್ಟದ ಕಡೆಗೆ ನಡೆಯುವ ದಾರಿ ಶುರುವಾಗಬೇಕಾದದ್ದು ಅಲ್ಲಿಂದಲೇ, ರೈಲು ಇಳಿಯುವ ಜಾಗದಿಂದ. ಹಾಸನ, ಆಲೂರು, ಬಾಳ್ಳುಪೇಟೆ, ಸಕಲೇಶಪುರ, ಘಾಟಿಯಾಚೆ ಸುಬ್ರಹ್ಮಣ್ಯ ರೋಡ್, ಹೀಗೆ ಈ ಸೀಮೆಯನ್ನು ಒಂದು ರೈಲು ಮಾರ್ಗ ಹಾದುಹೋಗುತ್ತದೆ. ಒಂದು ನಿಲ್ದಾಣದಲ್ಲಿ ಇಳಿದು ನಡೆದು, ಇನ್ನೊಂದು ನಿಲ್ದಾಣದಲ್ಲಿ ರೈಲು ಹತ್ತಿ ಮನೆಗೆ ಹೋಗಬಹುದು. ಕಾರೇ ಬೇಡ.

ಇದಕ್ಕೆ ತೋಟದವರ ಆಕ್ಷೇಪ ಬಂದೇ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಕಾಫಿ ಕೊಯ್ಲಿನ ಕಾಲದಲ್ಲಿ ಕಣದಲ್ಲಿ ಒಣಗಲು ಹಾಕಿದ ಬೀಜ, ಬಳ್ಳಿಯಲ್ಲಿರುವ ಮೆಣಸು ಕಳುವಾಗುವುದು ನಿಜ. ಇವತ್ತಿನ ಬೆಲೆಯಲ್ಲಿ ಒಂದು ಚೀಲ ಹೋದರೂ ಸಣ್ಣ ಬೆಳೆಗಾರನಿಗೆ ದೊಡ್ಡ ಪೆಟ್ಟು. ಹೊರಗಿನವರು ತೋಟದೊಳಗೆ ಓಡಾಡಿದರೆ ಯಾರನ್ನೆಂದು ಕಾಯುವುದು ಎನ್ನುವ ಪ್ರಶ್ನೆ ನ್ಯಾಯವಾದದ್ದು. ಆದರೆ ರಾತ್ರಿ ಪಿಕಪ್ ತಂದು ಚೀಲ ಹೊತ್ತು ಹೋಗುವವನು ಗುರುತು ಹಾಕಿದ ಕಾಲುದಾರಿಗೆ ಕಾಯುವುದಿಲ್ಲ. ಹಗಲು ಎಂಟು ಗಂಟೆಯ ಮೇಲೆ ಊರವರ ಕಣ್ಣೆದುರಿಗೆ ನಡೆದು ಹೋಗುವ ಗಂಡ ಹೆಂಡತಿಯಿಂದ ಕಾಫಿ ಕಳುವಾದೀತೆಂಬ ಭಯಕ್ಕೆ ಆಧಾರ ಕಡಿಮೆ. ನೆದರ್ಲೆಂಡ್ಸ್‌ನ ಖೆಲ್ಡರ್‌ಲ್ಯಾಂಡ್, ಯೂಟ್ರೆಕ್ಟ್ ಪ್ರಾಂತ್ಯಗಳಲ್ಲಿ ಕ್ಲೊಂಪನ್‌ಪಾಡ್ ಎಂಬ ದಾರಿಗಳಿವೆ. ಅವು ಹಲವು ಕಡೆ ರೈತರ ಖಾಸಗಿ ಜಮೀನಿನ ಮೇಲೆಯೇ ಹೋಗುತ್ತವೆ, ಅವರ ಒಪ್ಪಿಗೆಯಿಂದ. ದನ ಮೇಯುವ ಕಡೆ ನಾಯಿ ತರುವಂತಿಲ್ಲ, ದಾರಿ ಬಿಟ್ಟು ಇಳಿಯುವಂತಿಲ್ಲ, ಗೇಟು ತೆರೆದರೆ ಮುಚ್ಚಿ ಹೋಗಬೇಕು. ಹಕ್ಕಿಗಳು ಮೊಟ್ಟೆಯಿಡುವ ತಿಂಗಳುಗಳಲ್ಲಿ ಕೆಲವು ಭಾಗವನ್ನು ಮುಚ್ಚಿ ಸುತ್ತುದಾರಿ ತೋರಿಸುತ್ತಾರೆ. ಇಂಗ್ಲೆಂಡಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 1949ರ ಕಾನೂನಿನ ಮೂಲಕ ಪ್ರತಿ ಜಿಲ್ಲಾಡಳಿತವೂ ಸಾರ್ವಜನಿಕ ಕಾಲುದಾರಿಗಳ ಖಚಿತ ನಕ್ಷೆ ಮಾಡಬೇಕೆಂದು ವಿಧಿಸಿದರು. ನಮ್ಮಲ್ಲೂ ಎರಡು ಬಗೆಯ ದಾರಿಗಳನ್ನು ಬೇರೆ ಮಾಡಿ ನೋಡಬೇಕು. ನಕಾಶೆ ಕಂಡ ದಾರಿಯಲ್ಲಿ ಒಪ್ಪಿಗೆ ಕೇಳುವ ಪ್ರಶ್ನೆಯೇ ಇಲ್ಲ, ಅದು ಜನರದು. ಎರಡು ನಕಾಶೆ ದಾರಿಗಳ ನಡುವೆ ತೋಟದ ತುಂಡು ಸಿಕ್ಕಿದರೆ ಅಲ್ಲಿ ಬೆಳೆಗಾರನ ಜೊತೆ ಕೂತು ಮಾತಾಡಿ, ಅವನ ಷರತ್ತು ಬರೆದುಕೊಂಡು, ಕೊಯ್ಲಿನ ವಾರಗಳಲ್ಲಿ ಮುಚ್ಚುವ ಹಕ್ಕನ್ನು ಅವನಿಗೆ ಬಿಟ್ಟು ದಾರಿ ಪಡೆಯಬೇಕು. ಬೀಗದ ಗೇಟಿನ ಪಕ್ಕದಲ್ಲಿ ಒಬ್ಬರು ನುಸುಳುವಷ್ಟು ಉಣುಗೋಲು ಇಟ್ಟರೆ ಇಬ್ಬರ ಕೆಲಸವೂ ಆಗುತ್ತದೆ.

ಇದೆಲ್ಲಕ್ಕಿಂತ ಗಂಭೀರವಾದದ್ದು ಆನೆಯ ಪ್ರಶ್ನೆ. ಆಲೂರು-ಸಕಲೇಶಪುರದಲ್ಲಿ ಆನೆ ಎಲ್ಲೋ ದೂರದ ಕಾಡಿನ ಪ್ರಾಣಿಯಲ್ಲ. ಕಾಫಿ ತೋಟದ ನೆರಳಿನಲ್ಲಿಯೇ ಹಗಲು ಕಳೆದು, ಸಂಜೆಗೆ ಗದ್ದೆಗೆ ಇಳಿಯುವ ಹಿಂಡುಗಳಿವೆ. ಹೈಕೋರ್ಟ್ ನಿರ್ದೇಶನದ ಮೇಲೆ ರಚನೆಯಾದ ಕರ್ನಾಟಕ ಆನೆ ಕಾರ್ಯಪಡೆ 2012ರ ತನ್ನ ವರದಿಯಲ್ಲಿ ಈ ಸೀಮೆಯನ್ನು ಬೇರೆಯಾಗಿಯೇ ನೋಡಿತು, 2014ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಲಾಯಿತು. ಹಾಗಿದ್ದೂ ಸಂಘರ್ಷ ನಿಲ್ಲಲಿಲ್ಲ. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ದಸರಾ ಅಂಬಾರಿ ಹೊತ್ತಿದ್ದ ಸಾಕಾನೆ ಅರ್ಜುನವೇ ಪ್ರಾಣ ಬಿಟ್ಟಿತು. ಬೆಳಿಗ್ಗೆ ಕೆಲಸಕ್ಕೆ ಹೊರಟ ಕಾರ್ಮಿಕರು ಮನೆಗೆ ಹಿಂತಿರುಗದ ದಿನಗಳನ್ನು ಈ ಹಳ್ಳಿಗಳು ಕಂಡಿವೆ. ಇಂಥ ಕಡೆ ಜನರನ್ನು ನಡೆಯಲು ಕರೆಯುವುದು ಹುಚ್ಚಲ್ಲವೇ? ಈ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗುವುದು ತಪ್ಪಾಗುತ್ತದೆ. ನನ್ನ ಉತ್ತರ ಇದು: ಇಲ್ಲಿ ಜನ ಈಗಲೂ ನಡೆಯುತ್ತಿದ್ದಾರೆ, ಕೂಲಿಗಾಗಿ ನಡೆಯಲೇಬೇಕಾದವರು. ಅವರ ರಕ್ಷಣೆಗಾಗಿ ಆನೆ ಇರುವ ಜಾಗದ ಸುದ್ದಿಯನ್ನು ಎಸ್‌ಎಂಎಸ್, ಧ್ವನಿ ಕರೆ, ವಾಟ್ಸ್‌ಆ್ಯಪ್, ರಸ್ತೆ ಬದಿಯ ಫಲಕಗಳ ಮೂಲಕ ಕೊಡುವ ವ್ಯವಸ್ಥೆ ಈ ಜಿಲ್ಲೆಯಲ್ಲಿ ಬೆಳೆದಿದೆ, ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಹಿಂಡುಗಳ ಹಿಂದೆ ಓಡಾಡುತ್ತಾರೆ. ನಡಿಗೆಯ ದಾರಿಯನ್ನು ಈ ವ್ಯವಸ್ಥೆಗೇ ಕಟ್ಟಿಹಾಕಬೇಕು. ಬೆಳಿಗ್ಗೆ ಎಂಟಕ್ಕೆ ಮುಂಚೆ, ಸಂಜೆ ನಾಲ್ಕರ ಮೇಲೆ ದಾರಿಯಲ್ಲಿ ಯಾರೂ ಇರಕೂಡದು. ಹಿಂಡು ಇದೆ ಎಂದು ಸುದ್ದಿ ಬಂದ ತುಂಡು ಆ ದಿನ ಮುಚ್ಚಿರಬೇಕು, ನಡೆಯುವವರು ಆ ತುಂಡನ್ನು ಬಸ್ಸಿನಲ್ಲಿ ದಾಟಬೇಕು. ಭತ್ತ ಬಲಿಯುವ ತಿಂಗಳುಗಳಲ್ಲಿ ಗದ್ದೆ ಬಯಲಿನ ಕೆಲವು ದಾರಿ ಪೂರ್ತಿ ಬಂದ್. ಹಂತ ಹಂತಕ್ಕೆ ಹೆಸರು ಬರೆಸಿ ಹೊರಡುವ ಕ್ರಮ ಇದ್ದರೆ ಯಾರು ಎಲ್ಲಿದ್ದಾರೆ ಎನ್ನುವುದು ಊರಿಗೆ ಗೊತ್ತಿರುತ್ತದೆ. ಇಷ್ಟು ಮಾಡಿದರೂ ಅಪಾಯ ಪೂರ್ತಿ ಹೋಗುವುದಿಲ್ಲ. ಆದರೆ ಇಷ್ಟು ಮಾಡಿದರೆ ಆ ಎಚ್ಚರಿಕೆಯ ಫಲಕ, ಗಿಡಗಂಟಿ ಕಡಿದು ಬಯಲು ಮಾಡಿದ ದಾರಿಯಂಚು, ಆ ಮಾಹಿತಿ ಎಲ್ಲವೂ ಪ್ರತಿದಿನ ಅಲ್ಲಿ ನಡೆಯುವ ಕಾರ್ಮಿಕರಿಗೂ ಸಿಗುತ್ತವೆ. ಆನೆಯ ಕಾರಣಕ್ಕೆ ಪ್ರವಾಸಿಯ ದಾರಿ ಮುಚ್ಚುವುದು ಸುಲಭ. ಅದರಿಂದ ಕೂಲಿಯವರ ದಾರಿಯ ಅಪಾಯ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ದಾರಿ ತೆರೆದರೆ ಜನ ಮುಗಿಬಿದ್ದು ಗುಡ್ಡಗಳನ್ನು ಕೊಳೆ ಮಾಡುತ್ತಾರೆ ಎನ್ನುವ ಮಾತಿಗೂ ಹಿನ್ನೆಲೆ ಇದೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದ ದಾರಿಯಲ್ಲಿ ಸಾವಿರಾರು ಚಾರಣಿಗರು ಸಾಲುಗಟ್ಟಿದ ಚಿತ್ರಗಳನ್ನು ನಾಡೆಲ್ಲ ನೋಡಿತು. ಸರ್ಕಾರ ಚಾರಣಗಳನ್ನು ತಡೆದು, ಆ ವರ್ಷದ ಕೊನೆಯ ಹೊತ್ತಿಗೆ ಆನ್‌ಲೈನ್ ಕಾದಿರಿಸುವಿಕೆ, ಒಂದೊಂದು ಚಾರಣ ದಾರಿಗೆ ದಿನಕ್ಕೆ 300 ಜನರ ಮಿತಿ ತಂದಿತು. ಆ ನೂಕುನುಗ್ಗಲು ಆದದ್ದು ಏಕೆ ಎಂದು ಕೇಳಿದರೆ ನನಗೆ ಕಾಣುವ ಕಾರಣ ಇಷ್ಟು: ಚಾರಣಕ್ಕೆಂದು ಹೆಸರಾದ ಶಿಖರಗಳು ಬೆರಳೆಣಿಕೆಯಷ್ಟು, ಹೋಗುವವರು ಲಕ್ಷಾಂತರ. ಎಲ್ಲರೂ ಒಂದೇ ತುದಿಯನ್ನು ಹತ್ತಬೇಕು, ಒಂದೇ ಭಾನುವಾರ ಹತ್ತಬೇಕು. ಹಳ್ಳಿಯಿಂದ ಹಳ್ಳಿಗೆ ಹೋಗುವ ದಾರಿಗೆ ತುದಿಯೇ ಇಲ್ಲ. ಎಪ್ಪತ್ತೈದು ಕಿ.ಮೀ. ಉದ್ದಕ್ಕೆ ಜನ ಹರಡಿಹೋಗುತ್ತಾರೆ, ಊರಿನಲ್ಲಿರುವ ಹಾಸಿಗೆಗಳ ಲೆಕ್ಕವೇ ಜನರ ಮಿತಿಯನ್ನು ಕಟ್ಟುತ್ತದೆ. ನಾನು ಕೇಳುತ್ತಿರುವುದು ಮೂರ್ಕಣ್ಣು ಗುಡ್ಡಕ್ಕೋ ಒಂಬತ್ತು ಗುಡ್ಡಕ್ಕೋ ಹತ್ತುವ ಹೊಸ ಅನುಮತಿಯನ್ನಲ್ಲ. ಕಾಡಿನ ಒಳಭಾಗ ಕಾಡಿಗೇ ಇರಲಿ. ಗದ್ದೆ ಬಯಲು, ತೋಟದ ಅಂಚು, ಗೋಮಾಳ, ದೇವರಕಾಡಿನ ಪಕ್ಕದ ಊರ ದಾರಿಗಳು ಸಾಕು. ಬಿಸಿಲೆಯ ರಕ್ಷಿತಾರಣ್ಯದ ತುಂಡಿನಲ್ಲಿ ಈಗಿರುವ ಸಾರ್ವಜನಿಕ ರಸ್ತೆಯೇ ಸಾಕು. ಆ ರಸ್ತೆಯ ಬದಿಯಲ್ಲಿ, ಬಿದ್ದ ಮಳೆ ಒಂದು ಕಡೆ ಬಂಗಾಳ ಕೊಲ್ಲಿಗೂ ಇನ್ನೊಂದು ಕಡೆ ಅರಬ್ಬಿ ಸಮುದ್ರಕ್ಕೂ ಹೋಗುತ್ತದೆಂದು ಬ್ರಿಟಿಷರ ಕಾಲದಲ್ಲಿ ಗುರುತು ಮಾಡಿದ ಜಾಗವಿದೆ. ಹೇಮಾವತಿಯ ನೀರಿನ ಸೀಮೆ ಮುಗಿದು ಕುಮಾರಧಾರೆಯ ಸೀಮೆ ಶುರುವಾಗುವುದನ್ನು ಕಾರಿನಲ್ಲಿ ಹೋಗುವವನು ಗಮನಿಸುವುದೇ ಇಲ್ಲ. ನಾಲ್ಕು ದಿನ ಹೇಮಾವತಿಯ ಹಳ್ಳಗಳನ್ನು ದಾಟಿ ನಡೆದು ಬಂದವರಿಗೆ ಅಲ್ಲಿ ನಿಂತಾಗ ಇಡೀ ನೆಲದ ಇಳಿಜಾರು ಕಾಲಿಗೇ ತಿಳಿದಿರುತ್ತದೆ.

ನೆದರ್ಲೆಂಡ್ಸ್ ಸಮತಟ್ಟು ನೆಲ, ನಮ್ಮದು ಗುಡ್ಡ, ಮಳೆ, ಇಂಬಳ ಎನ್ನುವುದು ದೊಡ್ಡ ತೊಡಕಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ದಾರಿ ಮುಚ್ಚಿದರಾಯಿತು, ಘಟ್ಟದಂಚಿನ ಮಳೆಯಲ್ಲಿ ಮುಚ್ಚಲೇಬೇಕು. 2024ರ ಜುಲೈಯಲ್ಲಿ ಶಿರಾಡಿ ಘಾಟಿಯ ದೊಡ್ಡತಪ್ಪಲೆಯಲ್ಲಿ ಗುಡ್ಡ ಕುಸಿದದ್ದನ್ನು ಯಾರೂ ಮರೆತಿಲ್ಲ. ಅದಕ್ಕಿಂತ ಕಠಿಣವಾದದ್ದು ಮನೆಯೊಳಗಿನ ಪ್ರಶ್ನೆ. ನಡೆದು ಬಂದ ಅಪರಿಚಿತ ಗಂಡ ಹೆಂಡತಿಗೆ ಮನೆಯಲ್ಲಿ ಜಾಗ ಕೊಡುವ ಮುಂಚೆ ನೀವು ಯಾವ ಪೈಕಿ ಎಂದು ಕೇಳುವ ಊರುಗಳು ನಮ್ಮವು. ಮದುವೆಯಾಗಿರುವುದಕ್ಕೆ ಸಾಕ್ಷಿ ಕೇಳುವವರೂ ಇದ್ದಾರೆ. ದುಡ್ಡು ಕೊಟ್ಟು ತಂಗುವ ದಾರಿ ಜಾತಿ ನೋಡಿ ಬಾಗಿಲು ತೆರೆಯುವ ದಾರಿಯಾದರೆ ಅದನ್ನು ಮಾಡುವುದೇ ಬೇಡ. ಆದ್ದರಿಂದ ಮೊದಲ ತಂಗುದಾಣಗಳು ಖಾಸಗಿ ಮನೆಗಳಾಗಬಾರದು ಎನ್ನುವುದು ನನ್ನ ಅಭಿಪ್ರಾಯ. ಪ್ರತಿ ಹಂತದಲ್ಲಿ ಗ್ರಾಮ ಪಂಚಾಯಿತಿಯ ಸಮುದಾಯ ಭವನವೋ, ಮಕ್ಕಳಿಲ್ಲದೆ ಮುಚ್ಚಿದ ಸರ್ಕಾರಿ ಶಾಲೆಯ ಕಟ್ಟಡವೋ ಇದ್ದರೆ ಅದರಲ್ಲಿ ನಾಲ್ಕು ಕೋಣೆ, ಬಿಸಿನೀರು, ಶೌಚಾಲಯ ಮಾಡಿ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಹೆಂಗಸರಿಗೆ ನಡೆಸಲು ಕೊಡಬೇಕು. ಇದೇ ಒಕ್ಕೂಟಗಳು ರಾಜ್ಯದ ಹಲವು ಕಡೆ ಅಕ್ಕ ಕೆಫೆ ನಡೆಸುತ್ತಿವೆ, ಅಡುಗೆ ಮಾಡಿ ಲೆಕ್ಕ ಇಡುವುದು ಅವರಿಗೆ ಹೊಸದಲ್ಲ. ಹೆಂಗಸರೇ ನಡೆಸುವ ಜಾಗದಲ್ಲಿ ತಂಗಲು ಹೆಂಗಸರಿಗೂ ಧೈರ್ಯ. ಪೀಟರ್‌ಪಾಡ್ ಹಾಕಿದ್ದು ಇಬ್ಬರು ಹೆಂಗಸರು ಎನ್ನುವುದು ಆಕಸ್ಮಿಕವೇನೂ ಅಲ್ಲ ಎಂದು ನನಗನ್ನಿಸುತ್ತದೆ. ಸಂಜೆಗೆ ಒಂದು ಊರು ಸಿಗುವಂತೆ ಅವರು ಹಂತಗಳನ್ನು ಕಟ್ಟಿದ್ದರಿಂದಲೇ ಅಲ್ಲಿ ಒಂಟಿ ಹೆಂಗಸರೂ ನಡೆಯುತ್ತಾರೆ ಎನ್ನುವುದು ನನ್ನ ಊಹೆ.

ಈ ಕೆಲಸಕ್ಕೆ ಹೊಸ ಪ್ರಾಧಿಕಾರ ಬೇಡ, ಕಮಾನು, ಲೋಕಾರ್ಪಣೆಯ ಫಲಕ ಬೇಡ. ಅವು ಮೊದಲು ಬಂದರೆ ದಾರಿ ಬರುವುದೇ ಇಲ್ಲ. ಬೇಕಾದದ್ದು ಜಿಲ್ಲಾಧಿಕಾರಿಗಳ ಒಂದು ಆದೇಶ, ಎರಡು ತಾಲ್ಲೂಕುಗಳ ತಹಶೀಲ್ದಾರರು ಮತ್ತು ಭೂಮಾಪನ ಇಲಾಖೆಯವರು ನಕಾಶೆ ಹಿಡಿದು ನೆಲದ ಮೇಲೆ ನಡೆಯುವ ಒಂದು ಬೇಸಿಗೆ. ಯಾವ ಸರ್ವೆ ನಂಬರಿನಲ್ಲಿ ದಾರಿ ಇದೆ, ಎಲ್ಲಿ ಗೇಟು ಬಿದ್ದಿದೆ, ಎಲ್ಲಿ ಸಂಕ ಮುರಿದಿದೆ ಎನ್ನುವ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಬಿಡಿಸಿದ ದಾರಿಯ ಕಳೆ ಕಡಿಯುವುದು, ಸಂಕ ಹಾಕುವುದು ಉದ್ಯೋಗ ಖಾತರಿಯ ಕೆಲಸದಲ್ಲಿ ಸೇರಬಹುದು. ಗುರುತಿಗೆ ಒಂದು ಡಬ್ಬಿ ಬಣ್ಣ ಸಾಕು. ಇಡೀ ದಾರಿ ಒಂದೇ ಸಲಕ್ಕೆ ಆಗಬೇಕೆಂದಿಲ್ಲ, ಪೀಟರ್‌ಪಾಡ್ ಕೂಡ ತುಂಡು ತುಂಡಾಗಿಯೇ ಆದದ್ದು. ಆನೆಯ ಕಾಟ ಎಲ್ಲಿ ಕಡಿಮೆ, ಊರುಗಳು ಎಲ್ಲಿ ಹತ್ತಿರ ಹತ್ತಿರ ಇವೆ ಎಂದು ಸ್ಥಳೀಯರನ್ನೇ ಕೇಳಿ ಹೆತ್ತೂರು ಹೋಬಳಿಯಲ್ಲಿ ಒಂದು, ಕೆಂಚಮ್ಮನ ಹೊಸಕೋಟೆ ಹೋಬಳಿಯಲ್ಲಿ ಒಂದು, ಹೀಗೆ ಎರಡು ದಿನದ ಎರಡು ತುಂಡುಗಳಿಂದ ಶುರುಮಾಡಬಹುದು. ಈ ವರ್ಷದ ಕೊಯ್ಲು ಮುಗಿದು ಹೂಮಳೆ ಬೀಳುವ ಹೊತ್ತಿಗೆ ಗ್ರಾಮ ಪಂಚಾಯಿತಿಗಳು ತಮ್ಮ ವ್ಯಾಪ್ತಿಯ ನಕಾಶೆ ಕಂಡ ದಾರಿಗಳ ಪಟ್ಟಿ ಕೇಳಿ ತಾಲ್ಲೂಕು ಕಚೇರಿಗೆ ಬರೆಯಲಿ. ಪಟ್ಟಿ ಕೊಡುವುದಿಲ್ಲ ಎನ್ನಲು ಯಾವ ಅಧಿಕಾರಿಗೂ ಕಾರಣವಿಲ್ಲ.